ಓದುಗರ ಪ್ರಶ್ನೆ: ಟಿವಿ ಜಗಳದ ಅಣಕ

ಪ್ರಶ್ನೆ: ‘ರಿಂಗ್‌ಮಾಸ್ಟರ್’ ಚಿತ್ರದಲ್ಲಿರುವುದು ನಿಜವಾದ ಟಾಕ್ ಶೋ ನಿರೂಪಕರೇ? ಅಂಥದೇ ಅಣಕವನ್ನು ಕೈಲ್‌ಪೊಳ್ದ್ (ಕೊಡವರ ಆಯುಧ ಹಬ್ಬ) ಕಾರ್ಯಕ್ರಮಕ್ಕೆ ಆಡುತ್ತಿದ್ದೇವೆ. ಜಗಳ ಸಪ್ಪೆಯಾಗುತ್ತಿದೆ, ಏನು ಮಾಡೋಣ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಹೌದು. 1998ರ ಆ ಚಿತ್ರದಲ್ಲಿ ನಟಿಸಿದ್ದು ಅಮೆರಿಕದ ಟಿವಿ ನಿರೂಪಕ ಜೆರ್ರಿ ಸ್ಪ್ರಿಂಗರ್ ಅವರೇ; ಪಾತ್ರದ ಹೆಸರು ಮಾತ್ರ ಜೆರ್ರಿ ಫ್ಯಾರೆಲ್ಲಿ. ಅತಿಥಿಗಳ ಜಗಳಕ್ಕೆ ಹೆಸರಾದ ಅವರ ಅಸಲಿ ಶೋ 1991ರಿಂದ 2018ರವರೆಗೆ ನಡೆಯಿತು. ಸಿನಿಮಾ ಅಷ್ಟಕ್ಕಷ್ಟೇ.

ಸಪ್ಪೆಯಾಗುವುದು ಜಗಳವಾಡುವ ಇಬ್ಬರನ್ನೂ ಮೊದಲಿಂದಲೇ ಒಟ್ಟಿಗೆ ಕೂರಿಸಿದಾಗ. ಉದಾಹರಣೆಗೆ ಅತ್ತೆ-ಸೊಸೆ ಜಗಳವಾದರೆ, ಅತ್ತೆ ಮೊದಲು ಒಬ್ಬರೇ ಬಂದು ಕಾಚಂಪುಳಿ (ಅಡುಗೆಗೆ ಬಳಸುವ ಕೊಡಗಿನ ಹುಳಿರಸ) ಬಾಟಲಿ ಕದ್ದವರ ಮೇಲೆ ದೂರು ಹೇಳಲಿ. ಬಾಟಲಿ ಹಿಡಿದ ಸೊಸೆ ಪಕ್ಕದ ಪರದೆಯಿಂದ ಇಣುಕುವುದು ಪ್ರೇಕ್ಷಕರಿಗಷ್ಟೇ ಕಾಣಲಿ. ನಗು ಹುಟ್ಟುವುದು ಆ ಕಾಯುವಿಕೆಯಲ್ಲಿ. ಕೈ ಎತ್ತಿದ ಐದು ಸೆಕೆಂಡಿನೊಳಗೆ ಜಗಳ ಬಿಡಿಸುವ ಬೌನ್ಸರ್‌ಗಳು ನುಗ್ಗಬೇಕು. ತಡವಾದರೆ ನಿಜವಾದ ಹೊಡೆದಾಟದಂತೆ ಕಂಡು ಸಭೆ ಗಪ್‌ಚಿಪ್.

ಕಪಾಳಮೋಕ್ಷಕ್ಕೆ ಒಂದು ತೋಳಿನಷ್ಟು ಅಂತರವಿರಲಿ. ಹೊಡೆಸಿಕೊಳ್ಳುವವರು ಸಭೆಗೆ ಬೆನ್ನು ಹಾಕಿ ನಿಂತು, ಎದೆಯ ಬಳಿ ತಾವೇ ಚಪ್ಪಾಳೆ ತಟ್ಟಿ ತಲೆ ತಿರುಗಿಸಬೇಕು. ಕೈಮೈಕ್ ನಿರೂಪಕನ ಬಳಿ ಮಾತ್ರ. ಸ್ಪೀಕರ್ ಎದುರು ಹೋದರೆ ಕುಂಯ್ ಎನ್ನುತ್ತದೆ. ಸೆಪ್ಟೆಂಬರ್ ಮಳೆ ಶೀಟಿನ ಮೇಲೆ ಬಿದ್ದರೆ ಮಾತು ಕೇಳದು, ಮುಖ್ಯ ಸಾಲುಗಳನ್ನು ಎರಡು ಸಲ ಹೇಳಿಸಿ.

ಪಾತ್ರಗಳಿಗೆ ಯಾವ ಮನೆತನದ ಹೆಸರೂ ಬೇಡ. ಆ ಒಕ್ಕದವರು ಮುಂದಿನ ಸಾಲಲ್ಲೇ ಕೂತಿರುತ್ತಾರೆ.