ನಂದಿ ಬೆಟ್ಟಕ್ಕೆ ಏದುಸಿರು ಬಿಡುವ ಮನೆಗಾಡಿ

ಪ್ರಶ್ನೆ: ಅಣ್ಣಾ, ನಮಸ್ಕಾರ. ಹಳೆಯ ಟೆಂಪೋ ಟ್ರಾವೆಲರ್ ತಗೊಂಡು ಒಳಗೆ ಮಂಚ, ಅಡುಗೆ ಕಟ್ಟೆ, 200 ಲೀಟರ್ ನೀರಿನ ಟ್ಯಾಂಕ್ ಎಲ್ಲ ಮಾಡಿಸಿದ್ದೇನೆ. ಗಾಡಿ ಎತ್ತರ ಇರಲಿ ಅಂತ ದೊಡ್ಡ ಟೈರೂ ಹಾಕಿಸಿದೆ. ಈಗ ನಂದಿ ಬೆಟ್ಟದ ಏರಿನಲ್ಲಿ ಮೂರನೇ ಗೇರ್ ಎಳೆಯಲ್ಲ, ಎರಡಕ್ಕೆ ಹಾಕಿದರೆ ಕಿರುಚುತ್ತದೆ. ಜಾಸ್ತಿ ಪವರ್ ಇರೋ ಎಂಜಿನ್ ಕೂರಿಸಲಾ?
– ಒಬ್ಬ ಓದುಗ, ಚಿಂತಾಮಣಿ

ಉತ್ತರ: ಎಂಜಿನ್‌ಗೆ ಕೈ ಹಾಕಬೇಡಿ ತಮ್ಮಾ. ನಿಮ್ಮ ಕಾಗದ ಓದುತ್ತಾ ನಾನು ಟೈರಿನ ಮಾತಿಗೇ ನಿಂತೆ.

ಒಂದು ಲೆಕ್ಕ ಹಾಕೋಣ. ಗಾಡಿ 4 ಟನ್ ಅನ್ನಿ. 100 ಮೀಟರಿಗೆ 10 ಮೀಟರ್ ಏರುವ ಕಡೆ ಅದನ್ನು ಹಿಂದಕ್ಕೆ ಜಗ್ಗುವ ಭಾರವೇ 400 ಕೆಜಿ. ಟೈರ್ ಉರುಳುವ ತಡೆ ಸೇರಿದರೆ 440. ಚಕ್ರದ ನಡುವಿನಿಂದ ನೆಲಕ್ಕೆ 35 ಸೆಂ.ಮೀ. ಇದ್ದರೆ, ಚಕ್ರಕ್ಕೆ ಸುಮಾರು 1510 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ, ಬೇಕು (ಒಂದು ಕೆಜಿ ಭಾರಕ್ಕೆ 9.81 ನ್ಯೂಟನ್ ಲೆಕ್ಕ). ಎಂಜಿನ್ ಕೊಡೋದು 200 ನ್ಯೂಟನ್ ಮೀಟರ್, ಅದನ್ನು ಮೂರನೇ ಗೇರ್ 2.2 ಪಟ್ಟು, ಕ್ರೌನ್ ಪಿನಿಯನ್ (ಹಿಂದಿನ ಆಕ್ಸಲಿನ ಹಲ್ಲುಚಕ್ರದ ಜೋಡಿ) ಮತ್ತೆ 4.1 ಪಟ್ಟು ಮಾಡುತ್ತದೆ ಅಂತಿಟ್ಟುಕೊಳ್ಳಿ. ಗುಣಿಸಿ, ದಾರಿಯಲ್ಲಿ ಹತ್ತರಲ್ಲೊಂದು ಪಾಲು ಸೋರಿದರೂ 1620 ಸಿಗುತ್ತದೆ. ಹತ್ತುತ್ತದೆ.

ಈಗ ಟೈರನ್ನು ನೂರಕ್ಕೆ 8ರಷ್ಟು ದೊಡ್ಡದು ಮಾಡಿ. ಬೇಕಾದ್ದು 1630 ಆಯಿತು. ಅಷ್ಟಕ್ಕೇ ಮೂರನೇ ಗೇರ್ ಕೈ ಬಿಟ್ಟಿತು, ಅಲ್ವಾ! ಅದೇ ಟೈರಲ್ಲಿ ನೀರಿನ ಟ್ಯಾಂಕ್ ಖಾಲಿ ಮಾಡಿದರೆ 1550, ಮತ್ತೆ ಹತ್ತುತ್ತದೆ. ನಿಮ್ಮ ಗಾಡಿಯ ಅಂಕಿ ಬೇರೆ ಇರಬಹುದು, ಲೆಕ್ಕದ ದಾರಿ ಇದೇ. ಬೆಟ್ಟದ ಮೇಲೆ ತುಂಬಿಸಿಕೊಳ್ಳೋ ನೀರನ್ನು ಕೆಳಗಿಂದ ಯಾಕೆ ಹೊತ್ತು ಹೋಗಬೇಕು?

ನಾನು ಹುಡುಗನಾಗಿದ್ದಾಗ ಮಿನಿ ಬಸ್ಸಲ್ಲಿ ಜನ ತುಂಬಿಕೊಂಡು ದೇವರಾಯನದುರ್ಗ ಹತ್ತುತ್ತಿದ್ದೆ. ಮೇಲಿನ ಗೇರಲ್ಲೇ ಆಕ್ಸಿಲರೇಟರ್ ಒತ್ತಿ ಹಿಡಿದಿದ್ದೆ. ಪಕ್ಕದಲ್ಲಿದ್ದ ನಮ್ಮ ಮೇಸ್ತ್ರಿ ನನ್ನ ಅಂಗೈಯನ್ನು ಗೇರ್ ರಾಡ್ ಮೇಲೆ ಒತ್ತಿ ಹಿಡಿದರು. ಅದು ಜ್ವರ ಬಂದವರ ಹಾಗೆ ನಡುಗುತ್ತಿತ್ತು. "ಇಳಿಸು" ಅಂದರು. ಇಳಿಸಿದೆ, ಸದ್ದು ಏರಿತು, ನಡುಕ ನಿಂತಿತು. ಅವತ್ತಿನಿಂದ ಏರಿನಲ್ಲಿ ಮೀಟರಿಗಿಂತ ಮೊದಲು ಆ ರಾಡನ್ನೇ ಕೇಳುತ್ತೇನೆ. ನಿಮ್ಮ ಎರಡನೇ ಗೇರಿನ ಕಿರುಚಾಟಕ್ಕೆ ಹೆದರಬೇಡಿ. ಆರ್‌ಪಿಎಂ ಮುಳ್ಳು ಕೆಂಪು ಗೆರೆಗಿಂತ ಸಾಕಷ್ಟು ಕೆಳಗಿದ್ದರೆ ಅದು ಬರೀ ಸದ್ದು. ಇಳಿಯುವಾಗಲೂ ಅದೇ ಗೇರಲ್ಲಿ ಇಳಿಯಿರಿ. ಬ್ರೇಕನ್ನೇ ನಂಬಿದರೆ ಕಾದು ಹಿಡಿಯದೆ ಹೋಗುತ್ತದೆ.

ದೊಡ್ಡ ಎಂಜಿನ್ ಕೂರಿಸಿದರೆ ಅದರ ಟಾರ್ಕ್ ತಡೆಯೋ ಕ್ಲಚ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲಿನ ಹೌಸಿಂಗ್ ಎಲ್ಲ ಬೇಕು. ಆರ್‌ಟಿಒ ಒಪ್ಪಿಗೆಯೂ ಬೇಕು. ಕ್ರೌನ್ ಪಿನಿಯನ್ 4.1ರಿಂದ 4.5ಕ್ಕೆ ಬದಲಿಸಿದರೆ ಏರಿಗೆ ಒಳ್ಳೆಯದೇ. ಆದರೆ ಬಾಗೇಪಲ್ಲಿ ಹೈವೇಯಲ್ಲಿ ಅದೇ ಸ್ಪೀಡಿಗೆ ಎಂಜಿನ್ ಜಾಸ್ತಿ ತಿರುಗುತ್ತದೆ, ಡೀಸೆಲ್ಲೂ ಜಾಸ್ತಿ. ನನ್ನ ಕೇಳಿದರೆ ಮೊದಲು ಕಂಪನಿ ಅಳತೆಯ ಟೈರ್ ವಾಪಸ್ ಹಾಕಿಸಿ.

ಸಾಮಾನೆಲ್ಲ ತುಂಬಿ ಒಂದ್ಸಲ ವೇಬ್ರಿಡ್ಜ್ ಮೇಲೆ ನಿಲ್ಲಿಸಿ. ಆರ್‌ಸಿಯಲ್ಲಿರೋ ಒಟ್ಟು ತೂಕ ದಾಟಿದ್ದರೆ ಮಂಚ ಹಗುರ ಮಾಡಿಸಲೇಬೇಕು. ತೂಕದ ಚೀಟಿಯ ಅಂಕಿ, ಹಳೆ ಮತ್ತು ಹೊಸ ಟೈರಿನ ಪಕ್ಕದಲ್ಲಿರೋ ನಂಬರ್ ಬರೆದು ಕಳಿಸಿ, ನಿಮ್ಮ ಗಾಡಿಯದೇ ಲೆಕ್ಕ ಹಾಕಿಕೊಡುತ್ತೇನೆ.