ಎಂಟು ನಿಮಿಷ ಎಲ್ಲಿ ಹೋಯಿತು?

ಪ್ರಶ್ನೆ: ‘ದಿ ಗ್ರೀನ್ ಮೈಲ್’ (1999) ಚಿತ್ರದ ಅವಧಿ 189 ನಿಮಿಷ. ನನ್ನಲ್ಲಿರುವ ಪಾಲ್ (PAL ಎಂಬ ಟಿವಿ ಪದ್ಧತಿಯ) ಡಿವಿಡಿ 181 ನಿಮಿಷಕ್ಕೇ ಮುಗಿಯುತ್ತದೆ. ದೃಶ್ಯಗಳಿಗೆ ಕತ್ತರಿ ಹಾಕಿದ್ದಾರೆಯೇ? ನಡುವೆ ಒಮ್ಮೆ ಚಿತ್ರ ಕ್ಷಣಕಾಲ ನಿಲ್ಲುತ್ತದೆ ಕೂಡ.

ಉತ್ತರ: ಕತ್ತರಿ ಬಿದ್ದಿರಲಾರದು. ಫಿಲ್ಮ್ ಸೆಕೆಂಡಿಗೆ 24 ಚೌಕಟ್ಟು ಓಡಿದರೆ ಪಾಲ್‌ನಲ್ಲಿ 25. ಹಾಗಾಗಿ ಅವಧಿ ಶೇ. 4ರಷ್ಟು ಕುಗ್ಗುತ್ತದೆ, 189ಕ್ಕೆ ಲೆಕ್ಕ ಹಾಕಿ, ಸುಮಾರು 181 ಬರುತ್ತದೆ. ಸರಿಪಡಿಸದಿದ್ದರೆ ಧ್ವನಿಯೂ ಅರ್ಧ ಸ್ವರಕ್ಕಿಂತ ತುಸು ಕಡಿಮೆಯಷ್ಟು ಏರುತ್ತದೆ. ಚಿತ್ರದ ಕೈದಿ ಜಾನ್ ಕಾಫಿಯ ಗಂಭೀರ ಕಂಠಕ್ಕೆ ಇದು ನಷ್ಟವೇ! ಪರೀಕ್ಷಿಸಬೇಕೆ? ಬ್ಲೂ-ರೇಯಲ್ಲಿ 60ನೇ ನಿಮಿಷಕ್ಕೆ ಬರುವ ದೃಶ್ಯ ನಿಮ್ಮದರಲ್ಲಿ 57 ನಿಮಿಷ 36 ಸೆಕೆಂಡಿನ ಆಸುಪಾಸು ಬರಬೇಕು. ನಡುವಿನ ತಡೆ ಪ್ರತಿಸಲ ಅದೇ ಜಾಗದಲ್ಲಾದರೆ, ಅದು ಲೇಸರ್ ಡಿಸ್ಕಿನ ಎರಡನೇ ಪದರಕ್ಕೆ ಹೊರಳುವ ಕ್ಷಣ. ಚಿತ್ರ ಚೌಕಗಳಾಗಿ ಒಡೆದರೆ ಮಾತ್ರ ಡಿಸ್ಕಿನಲ್ಲಿ ಗೀರು ಹುಡುಕಿ. ಒರೆಸುವಾಗ ಮಧ್ಯದಿಂದ ಅಂಚಿಗೆ ನೇರವಾಗಿ, ಸುತ್ತಿಸಿ ಅಲ್ಲ.