ಒಳಗಿನಿಂದ ಚಿಲಕ ಹಾಕಿಕೊಳ್ಳಿ

ಈ ಪತ್ರ ಓದಿ ನನಗೆ ಅಯ್ಯೋ ಅನ್ನಿಸುವ ಮೊದಲೇ ಸಿಟ್ಟು ಬಂತು. ಅದಕ್ಕೇ ಮುಂದಿನ ವಾರಕ್ಕೆ ಇಡದೆ ಇವತ್ತೇ ಉತ್ತರ ಬರೆಯುತ್ತಿದ್ದೇನೆ.

ಬರೆದವರು ಶಿಡ್ಲಘಟ್ಟದ ಕಡೆಯ ಹಳ್ಳಿಯ ಸೊಸೆ. ರೇಷ್ಮೆ ಹುಳು ಸಾಕುವ ಮನೆ. ಗಂಡ, ಏಳು ವರ್ಷದ ಮಗಳು, ಡಿಗ್ರಿ ಮುಗಿಸಿ ಕೂತಿರುವ ಮೈದುನ, ಸಕ್ಕರೆ ಕಾಯಿಲೆಯ 66 ವರ್ಷದ ಅತ್ತೆ. ಸಂಕ್ರಾಂತಿ ಎದುರಿಗೇ ಕೋವಿಡ್ ಪಾಸಿಟಿವ್ ಬಂದು, ಮನೆಯಲ್ಲೇ ಐಸೊಲೇಷನ್. "ಒಬ್ಬಳೇ ಇದ್ದು ತಲೆ ಕೆಡ್ತಿದೆ. ಹೊತ್ತೇ ಹೋಗಲ್ಲ. ಮಗಳು ಕಿಟಕಿ ಹತ್ರ ಬಂದು ಅಳ್ತಾಳೆ. ಸುಮ್ನೆ ಮಲಗಿ ಉಣ್ತಿದ್ದೀನಿ ಅನ್ನೋ ಸಂಕಟ ಬೇರೆ. ದಿನ ತಳ್ಳೋದು ಹೇಗೆ?" ಅಂತ ಕೇಳಿದ್ದಾರೆ.

ಹೊತ್ತಿನ ವಿಷಯ ಆಮೇಲೆ. ಪತ್ರದ ಕೊನೆಯಲ್ಲಿ, ಹೇಳಿದರೂ ಸೈ ಬಿಟ್ಟರೂ ಸೈ ಎನ್ನುವ ಹಾಗೆ, ಒಂದು ಮಾತಿದೆ: "ಬೆಳಗ್ಗೆ ನಾಲ್ಕಕ್ಕೇ ಎದ್ದು, ಮಾಸ್ಕ್ ಹಾಕ್ಕೊಂಡು ಅಡುಗೆ ಮುಗಿಸಿ, ಪಾತ್ರೆ ತೊಳೆದು, ಯಾರೂ ಏಳೋ ಮೊದಲು ಕೋಣೆ ಸೇರ್ಕೋತೀನಿ. ಅಷ್ಟರಮಟ್ಟಿಗೆ ಸಮಾಧಾನ."

ಏನಮ್ಮಾ ಇದು? ಐಸೊಲೇಷನ್ನೋ, ನೈಟ್ ಶಿಫ್ಟೋ?

ಜನವರಿ ಚಳಿಯಲ್ಲಿ, ಆ ಹೊತ್ತಿನಲ್ಲಿ, ನೀವು ಅಡುಗೆಮನೆ ಕಿಟಕಿ ತೆಗೆದಿರುವುದಿಲ್ಲ. ಈ ವೈರಸ್ ಪಾತ್ರೆಪಗಡಕ್ಕಿಂತ ಉಸಿರಿನ ಗಾಳಿಯಲ್ಲೇ ಜಾಸ್ತಿ ಹರಡುತ್ತದೆ. ಗಾಳಿಯಾಡದ ಕೋಣೆಯಲ್ಲಿ ನೀವು ಹೋದ ಮೇಲೂ ಸುಮಾರು ಹೊತ್ತು ನಿಂತಿರುತ್ತದೆ. ಅದೇ ಅಡುಗೆಮನೆಗೆ ಅತ್ತೆ ಬೆಳಗಿನ ಕಾಫಿಗೆ ಬರುತ್ತಾರೆ, ಅಲ್ವಾ? ಒಮಿಕ್ರಾನ್ ಬರೀ ನೆಗಡಿ ಅಂತ ಊರೆಲ್ಲ ಮಾತಾಡುತ್ತಿದೆ. ಆ ವಯಸ್ಸಿನ ಸಕ್ಕರೆ ಕಾಯಿಲೆಯವರಿಗೂ ನೆಗಡಿಯಲ್ಲೇ ಮುಗಿಯುತ್ತದೆ ಅಂತ ಯಾವ ಡಾಕ್ಟರೂ ಬರೆದುಕೊಡುವುದಿಲ್ಲ.

ಇದೆಲ್ಲ ನಿಮ್ಮ ಮನೆಗೆ ಹೊಸದೂ ಅಲ್ಲ. ಹುಳು ಮನೆಯ ಹೊಸಿಲನ್ನು ಹೊರಗಿನವರು ದಾಟುವ ಹಾಗಿಲ್ಲ. ಮನೆಯವರೂ ಕೈಕಾಲು ತೊಳೆದೇ ಒಳಗೆ ಹೋಗಬೇಕು. ಒಂದು ಬೆಳೆ ಮುಗಿದರೆ ಬ್ಲೀಚಿಂಗ್ ಪೌಡರ್ ನೀರು ಹೊಡೆದು ತೊಳೆಯುತ್ತೀರಿ. ರೋಗದ ಹುಳು ಕಂಡರೆ ಆರಿಸಿ ತೆಗೆಯುತ್ತೀರಿ. ಇಷ್ಟು ತಿಳಿದ ಮನೆಯಲ್ಲಿ ಜ್ವರದ ಸೊಸೆ ಒಲೆ ಮುಂದೆ!

ನಿಮ್ಮ ಗಂಡನನ್ನು ನಾನು ಜಾಸ್ತಿ ಬೈಯುವುದಿಲ್ಲ. ಹುಳು ನಾಲ್ಕನೇ ಜ್ವರ, ಅಂದರೆ ಮೇವು ಬಿಟ್ಟು ಪೊರೆ ಕಳಚುವ ಹಂತ, ಮುಗಿಸಿ ಎದ್ದಿದೆ ಅಂತ ಬರೆದಿದ್ದೀರಿ. ಹುಳು ಹುಟ್ಟಿದಾಗಿನಿಂದ ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಜಾಸ್ತಿ ಈ ಕೊನೆಯ ವಾರದ್ದೇ. ಆ ಮನುಷ್ಯನಿಗೆ ತೋಟ ಬಿಟ್ಟು ಬರಲು ಪುರುಸೊತ್ತಿಲ್ಲ. ಅತ್ತೆಯೂ ಪಾಪ, "ನಾನೇ ಮಾಡ್ಕೋತೀನಿ ಬಿಡು" ಅಂದಿದ್ದಾರೆ.

ನನ್ನ ಸಿಟ್ಟೆಲ್ಲ ಬೆಂಗಳೂರಿನ ನಿಮ್ಮ ನಾದಿನಿ ಮೇಲೆ. ದಿನಾ ವಿಡಿಯೊ ಕಾಲ್ ಮಾಡಿ, "ಅಮ್ಮನ ಕೈಲಿ ಕೆಲಸ ಮಾಡಿಸ್ತಿಲ್ಲ ತಾನೇ? ಅವರೆಕಾಯಿ ಕಾಲ, ಹಿತಕಿದ ಬೇಳೆ ಸಾರು ಆಯ್ತಾ?" ಅಂತ ವಿಚಾರಿಸುವ ಮಹಾತಾಯಿ. ಕಾಯಿ ಸುಲಿದು, ಕಾಳು ನೆನೆಹಾಕಿ, ಒಂದೊಂದನ್ನೂ ಬೆರಳಲ್ಲಿ ಹಿತುಕಿ ಸಿಪ್ಪೆ ಬಿಡಿಸಬೇಕು ಅನ್ನುವುದು ಆಕೆಗೆ ಮರೆತಿರಬೇಕು. ಕೆಮ್ಮುತ್ತಾ ಕೂತು ಅದನ್ನೂ ಮಾಡಿದ್ದೀರಂತೆ. ಈ ವಾರ ಆಕೆಯ ಫೋನ್ ಎತ್ತಬೇಡಿ.

ಅಡುಗೆ ಮೈದುನ ಮಾಡಲಿ. ನನ್ನ ಹಳೇ ರಾಗ ಈ ಅಂಕಣ ಓದುವವರಿಗೆಲ್ಲ ಗೊತ್ತು: ಮುದ್ದೆ ಉಣ್ಣುವ ಗಂಡಸಿಗೆ ಮುದ್ದೆ ಮಾಡಲೂ ಬರಬೇಕು. ಫೋನಿನಲ್ಲೇ ಹೇಳಿಕೊಡಿ. ಎಸರು ಕುದಿಯುವಾಗ ಹಿಟ್ಟನ್ನು ನಡುವೆ ಗುಡ್ಡೆ ಹಾಕಬೇಕು, ತಕ್ಷಣ ಕದಡಬಾರದು. ಬೆಂದ ಮೇಲೆ ಕವೆಗೋಲಲ್ಲಿ ಪಾತ್ರೆ ಒತ್ತಿ ಹಿಡಿದು ಬಲವಾಗಿ ತಿರುವಬೇಕು. ಮೊದಲ ದಿನ ಗಂಟಾಗುತ್ತದೆ. ಎಲ್ಲರೂ ಗಂಟನ್ನೇ ನುಂಗಲಿ.

ನಿಮಗೆ ನಾನು ಹೇಳುವುದು ಒಂದೇ. ಇವತ್ತು ರಾತ್ರಿ ಒಳಗಿನಿಂದ ಚಿಲಕ ಹಾಕಿಕೊಳ್ಳಿ. ಬಚ್ಚಲಿಗೆ ಹೋಗಲು, ಹೊಸಿಲಲ್ಲಿಟ್ಟ ತಟ್ಟೆ ತಗೊಳ್ಳಲು ಬಿಟ್ಟು ತೆಗೆಯಬೇಡಿ. ಹೊರಗಿನ ಕಿಟಕಿ ತೆರೆದಿರಲಿ, ಚಳಿಯಾದರೆ ಇನ್ನೊಂದು ಕಂಬಳಿ ಹೊದೆಯಿರಿ. 2022ರ ಜನವರಿ 5ರಂದು ಬಂದ ನಿಯಮ ಹೇಳಿದ್ದು ಇಷ್ಟು: ಐಸೊಲೇಷನ್ ಮುಗಿಸಲು ಪಾಸಿಟಿವ್ ಬಂದು 7 ದಿನ ಆಗಿರಬೇಕು, ಕೊನೆಯ 3 ದಿನ ಜ್ವರ ಇರಬಾರದು. ಉಸಿರಾಡಲು ಕಷ್ಟವಾದರೆ, ಆಕ್ಸಿಮೀಟರ್ 93 ಅಥವಾ ಅದಕ್ಕಿಂತ ಕಡಿಮೆ ತೋರಿಸಿದರೆ ದಿನ ಎಣಿಸುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ಹೊತ್ತು ಹೋಗಲ್ಲ ಅಂದಿರಿ. ನಾಲ್ಕಕ್ಕೆ ಎದ್ದರೆ ಯಾರಿಗೆ ಹೋಗುತ್ತದೆ? ಏಳರವರೆಗೆ ಮಲಗಿ, ಮೂರು ಗಂಟೆ ಅಲ್ಲೇ ಕಳೆಯಿತು. ಸಂಜೆ ಮಗಳನ್ನು ಅಂಗಳದಲ್ಲಿ ದೂರ ಕೂರಿಸಿ, ಕಿಟಕಿಯಿಂದ ನೋಡುತ್ತಾ ಫೋನಲ್ಲಿ ಮಗ್ಗಿ ಹೇಳಿಸಿ. ತಪ್ಪು ಹೇಳಿದರೆ ನಗಿ, ಅವಳೂ ನಗುತ್ತಾಳೆ.

ಅತ್ತೆಗೆ ಗಂಟಲು ಕೆರೆತ, ಮೈಕೈ ನೋವು ಶುರುವಾದರೆ ಆಶಾ ಕಾರ್ಯಕರ್ತೆಗೆ ಹೇಳಿ ಅವತ್ತೇ ಟೆಸ್ಟ್ ಮಾಡಿಸಿ. ಅವರ ಸಕ್ಕರೆ ಮಾತ್ರೆ ತಪ್ಪದ ಹಾಗೆ ನೋಡಿಕೊಳ್ಳುವುದೂ ಮೈದುನನ ಪಾಲಿಗೇ ಇರಲಿ.